ಊರು ವಾತಾಪಿಯದು, ಕೆರೆ ಅಗಸ್ತ್ಯನದು

ಕಳೆದ ಚಳಿಗಾಲದಲ್ಲಿ ನಮ್ಮ ಕಾಲೇಜಿನ ಬಿ.ಎ. ವಿದ್ಯಾರ್ಥಿಗಳನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದೆ. ಗವಿಗಳನ್ನು ನೋಡಿ ಇಳಿದು, ಕೆರೆಯ ದಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಆಚೆ ಈಚೆ ನಿಂತ ಎರಡು ಕೆಂಪು ಗುಡ್ಡಗಳನ್ನು ತೋರಿಸಿ, ಇವೇ ವಾತಾಪಿ ಮತ್ತು ಇಲ್ವಲ ಎಂಬ ರಾಕ್ಷಸ ಅಣ್ಣತಮ್ಮಂದಿರು ಅಂತ ಜನ ಹೇಳುತ್ತಾರೆ, ಅವರನ್ನು ಮುಗಿಸಿದ ಅಗಸ್ತ್ಯನ ಹೆಸರು ಈ ಕೆರೆಗೆ ಬಂದಿದೆ ಎಂದು ವಿವರಿಸುತ್ತಿದ್ದೆ. ಇಳಕಲ್ಲಿನಿಂದ ಬರುವ ನೇಕಾರರ ಮನೆಯ ಹುಡುಗಿಯೊಬ್ಬಳು ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿದಳು: "ಸರ್, ನಮ್ಮ ಇಳಕಲ್ಲೂ ಇಲ್ವಲನ ಊರು ಅಂತಾರಲ್ರಿ. ಊರು ರಾಕ್ಷಸರದು, ಕೆರಿ ಋಷೀದು. ಹಂಗಾರ ನಾವು ಯಾರ ಕಡೆಯವ್ರು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ಹುನಗುಂದದ ಬಸ್ಸಿನಲ್ಲಿ ಕೂತಾಗ ಮಾತ್ರ ಆ ನಗು ಉಳಿಯಲಿಲ್ಲ. ಯಾಕೆಂದರೆ ಈ ಪ್ರಶ್ನೆಯನ್ನು ನನಗೆ ನಾನೇ ಬಹಳ ಹಿಂದೆ ಕೇಳಿಕೊಳ್ಳಬೇಕಾಗಿತ್ತು.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಪ್ರತಿವರ್ಷ ಗ್ಯಾದರಿಂಗಿನಲ್ಲಿ ಒಂದು ಪೌರಾಣಿಕ ನಾಟಕ ಇರುತ್ತಿತ್ತು. ನಮ್ಮ ಕೇರಿಯಿಂದ ಹೋಗುತ್ತಿದ್ದ ಮೂವರಿಗೂ ತಪ್ಪದೆ ರಾಕ್ಷಸರ ಪಾತ್ರ. "ಇವರಿಗೆ ಬಣ್ಣದ ಖರ್ಚು ಉಳೀತು ನೋಡ್ರಿ" ಎಂದು ಮಾಸ್ತರೊಬ್ಬರು ಚಾಷ್ಟಿ ಮಾಡುತ್ತಿದ್ದರು. ನಾನು ಗಟ್ಟಿ ದನಿಯಲ್ಲಿ ಅಬ್ಬರಿಸುತ್ತಿದ್ದೆ, ಚೆನ್ನಾಗಿ ಸಾಯುತ್ತಿದ್ದೆ. ಜನ ಸೀಟಿ ಹೊಡೆಯುತ್ತಿದ್ದರು. ನನ್ನವ್ವ ಮರುದಿನ ಕೂಲಿಗೆ ಹೋದಲ್ಲೆಲ್ಲ "ನನ್ನ ಮಗನ ದನಿ ಅಗಸಿತನಕ ಕೇಳಿಸ್ತು" ಎಂದು ಹೇಳಿಕೊಂಡು ಬಂದಿದ್ದಳು. ಬದುಕಿನಲ್ಲಿ ನನಗೆ ಸಿಕ್ಕ ಮೊದಲ ಕೀರ್ತಿ ಅದು. ಆದರೆ ನಾಟಕ ಮುಗಿದ ಮೇಲೂ ರಾಮನಾದವನು ತನ್ನ ಹೆಸರಿಗೆ ಮರಳುತ್ತಿದ್ದ, ನಾನು ಮರಳುತ್ತಿರಲಿಲ್ಲ. ವರ್ಷಪೂರ್ತಿ ನನ್ನನ್ನು ಪಾತ್ರದ ಹೆಸರಿನಿಂದಲೇ ಕರೆಯುತ್ತಿದ್ದರು. ರಾಕ್ಷಸನನ್ನು ಮಾಡುವುದು ಹೇಗೆ ಎಂಬುದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲು ಹೀಗೆ ಕಲಿತಿದ್ದೆ.

ಮನುಷ್ಯ ಯಾವಾಗ ರಾಕ್ಷಸನಾಗುತ್ತಾನೆ? ಕ್ರೂರವಾದ ಕೆಲಸ ಮಾಡಿದಾಗ ಎಂಬುದು ನಮಗೆ ಥಟ್ಟನೆ ಹೊಳೆಯುವ ಉತ್ತರ. ಈ ಉತ್ತರ ಎಷ್ಟು ದೂರ ನಿಲ್ಲುತ್ತದೆ ಎಂಬುದನ್ನು ನಮ್ಮ ಸೀಮೆಯದೇ ಕಥೆಗಳನ್ನಿಟ್ಟುಕೊಂಡು ನೋಡೋಣ.

ವಾತಾಪಿ ಇಲ್ವಲರ ಕಥೆ ಎಲ್ಲರಿಗೂ ಗೊತ್ತಿರುವುದು ಹೀಗೆ. ತಮ್ಮ ವಾತಾಪಿ ಟಗರಾಗುತ್ತಾನೆ. ಅಣ್ಣ ಇಲ್ವಲ ಅದನ್ನು ಕೊಯ್ದು ಅಡಿಗೆ ಮಾಡಿ ಬ್ರಾಹ್ಮಣ ಅತಿಥಿಗೆ ಬಡಿಸುತ್ತಾನೆ. ಉಂಡ ಮೇಲೆ ತಮ್ಮನ ಹೆಸರು ಹಿಡಿದು ಕರೆಯುತ್ತಾನೆ, ತಮ್ಮ ಅತಿಥಿಯ ಹೊಟ್ಟೆ ಬಗಿದು ಎದ್ದು ಬರುತ್ತಾನೆ. ಕೊನೆಗೆ ಅಗಸ್ತ್ಯ ಬಂದು ಉಂಡು ಅರಗಿಸಿಕೊಂಡುಬಿಡುತ್ತಾನೆ. ಕೂಸಿನ ಹೊಟ್ಟೆ ಸವರಿ "ವಾತಾಪಿ ಜೀರ್ಣೋಭವ" ಎನ್ನುವುದು ಇಂದಿಗೂ ಎಷ್ಟೋ ಮನೆಗಳಲ್ಲಿದೆ. ನಮ್ಮ ಕೇರಿಯಲ್ಲಿ ಆ ಮಾತಿರಲಿಲ್ಲ. ನಮ್ಮ ಮಕ್ಕಳಿಗೆ ಅಜೀರ್ಣದ ತೊಂದರೆ ಅಷ್ಟಾಗಿ ಇರಲಿಲ್ಲ.

ಈ ಕಥೆ ಮಹಾಭಾರತದ ವನಪರ್ವದಲ್ಲಿದೆ, ರಾಮಾಯಣದ ಅರಣ್ಯಕಾಂಡದಲ್ಲೂ ಇದೆ. ಅಲ್ಲಿಯೇ ಇರುವ, ಆದರೆ ನಾವು ಕಥೆ ಹೇಳುವಾಗ ಬಿಟ್ಟುಬಿಡುವ ಮೂರು ಸಂಗತಿಗಳನ್ನು ಗಮನಿಸಬೇಕು. ಒಂದು, ಮಹಾಭಾರತದ ಪ್ರಕಾರ ಇಲ್ವಲ ಹುಟ್ಟಿನಿಂದಲೇ ಅತಿಥಿಗಳನ್ನು ಕೊಲ್ಲುತ್ತಿದ್ದವನಲ್ಲ. ಇಂದ್ರನಿಗೆ ಸಮಾನನಾದ ಮಗ ಬೇಕೆಂದು ಅವನು ಒಬ್ಬ ಬ್ರಾಹ್ಮಣ ತಪಸ್ವಿಯನ್ನು ಕೇಳಿಕೊಂಡ. ಆತ ಕೊಡಲಿಲ್ಲ. ಸಿಟ್ಟು ಅಲ್ಲಿಂದ ಶುರುವಾಯಿತು. ಎರಡು, ಅಗಸ್ತ್ಯ ಅಲ್ಲಿಗೆ ಹೋದದ್ದು ದುಷ್ಟಸಂಹಾರಕ್ಕಲ್ಲ, ಹಣಕ್ಕೆ. ಹೆಂಡತಿ ಲೋಪಾಮುದ್ರೆ ಸಂಪತ್ತು ಬಯಸಿದಳು. ಮೂವರು ರಾಜರಲ್ಲಿಗೆ ಹೋದರೆ ಅವರ ಆಯವೂ ವ್ಯಯವೂ ಸರಿಸಮ ಇತ್ತು. ಇಲ್ವಲನ ಹತ್ತಿರ ದುಡ್ಡಿದೆ ಎಂದು ಗೊತ್ತಾಗಿ ನಾಲ್ವರೂ ಕೂಡಿ ಅಲ್ಲಿಗೆ ಹೋದರು. ತಮ್ಮ ಸತ್ತ ಮೇಲೆ ಅಣ್ಣನಿಂದ ಹಸು, ಚಿನ್ನ, ಬಂಗಾರದ ರಥ ಎಲ್ಲ ಪಡೆದುಕೊಂಡೇ ಬಂದರು. ಮೂರು, ರಾಮಾಯಣದ ಇಲ್ವಲ ಬ್ರಾಹ್ಮಣನ ವೇಷ ಹಾಕಿ, ಸಂಸ್ಕೃತದಲ್ಲಿ ಮಾತಾಡಿ, ಶ್ರಾದ್ಧದ ಊಟಕ್ಕೆ ಕರೆಯುತ್ತಾನೆ. ಅವನ ಮೋಸದ ಮುಖ್ಯ ಸಲಕರಣೆಯೇ ಭಾಷೆ. ನಮ್ಮಂಥವರು ಅಚ್ಚುಕಟ್ಟಾದ ಭಾಷೆ ಆಡಿದಾಗ ಕೆಲವರ ಹುಬ್ಬು ಯಾಕೆ ಮೇಲೇರುತ್ತದೆ ಎಂಬುದು ಇಲ್ಲಿ ಸ್ವಲ್ಪ ತಿಳಿಯುತ್ತದೆ.

ನಾನು ಇಲ್ವಲನನ್ನು ನಿರ್ದೋಷಿ ಎನ್ನುತ್ತಿಲ್ಲ. ನಂಬಿ ಉಣ್ಣಲು ಕೂತವನನ್ನು ಕೊಲ್ಲುವುದು ಕೊಲೆಯೇ. ಹೇಳಬೇಕಾದದ್ದು ಇಷ್ಟೇ: ಅವನಿಗೊಂದು ಬಯಕೆ ಇತ್ತು, ಒಂದು ಅವಮಾನ ಇತ್ತು, ಒಂದು ಆಸ್ತಿ ಇತ್ತು. ಈ ಮೂರನ್ನೂ ತೆಗೆದುಹಾಕಿದ ಮೇಲೆ ಉಳಿಯುವವನೇ ರಾಕ್ಷಸ.

ಈಗ ಇನ್ನೊಂದು ಅಡಿಗೆಯ ಕಥೆ. ನಮ್ಮಜ್ಜಿ ಸಿರಿಯಾಳನ ಕಥೆ ಹೇಳುತ್ತ ಅಳುತ್ತಿದ್ದಳು. 1980ರಲ್ಲಿ ಬಂದ 'ಭಕ್ತ ಸಿರಿಯಾಳ' ಸಿನಿಮಾ ಟಿ.ವಿ.ಯಲ್ಲಿ ಬಂದಾಗ ಕೇರಿಯ ಹೆಂಗಸರೆಲ್ಲ ಒಂದೇ ಮನೆಯಲ್ಲಿ ಕೂಡುತ್ತಿದ್ದರು. ಶಿವ ಜಂಗಮನ ವೇಷದಲ್ಲಿ ಬಂದು ನರಮಾಂಸದ ಊಟ ಕೇಳುತ್ತಾನೆ. ಸಿರಿಯಾಳನೂ ಹೆಂಡತಿಯೂ ತಮ್ಮ ಮಗನನ್ನೇ ಕೊಂದು ಅಡಿಗೆ ಮಾಡಿ ಬಡಿಸುತ್ತಾರೆ. ಕೊನೆಗೆ ಹೆಸರು ಹಿಡಿದು ಕರೆದಾಗ ಮಗ ಎದ್ದು ಬರುತ್ತಾನೆ. ಗೆಳೆಯರೇ, ಎರಡೂ ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅತಿಥಿ ಬರುತ್ತಾನೆ, ಮನೆಯವನನ್ನೇ ಕೊಂದು ಬಡಿಸುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ಸತ್ತವನು ಎದ್ದು ಬರುತ್ತಾನೆ. ಅಡಿಗೆ ಒಂದೇ. ಅಲ್ಲಿ ಉಣ್ಣುವವನು ಸಾಯುತ್ತಾನೆ, ಇಲ್ಲಿ ಉಣ್ಣುವವನು ದೇವರು. ಅಲ್ಲಿ ಬಡಿಸಿದವನು ರಾಕ್ಷಸ, ಇಲ್ಲಿ ಬಡಿಸಿದವನು ಭಕ್ತ. ಕೊಯ್ಯುವ ಕ್ರೌರ್ಯವೇ ಮನುಷ್ಯನನ್ನು ರಾಕ್ಷಸನನ್ನಾಗಿ ಮಾಡುವುದಾದರೆ ಸಿರಿಯಾಳನ ಕೈಯಲ್ಲಿದ್ದ ಕತ್ತಿಯನ್ನು ನಾವು ಎಲ್ಲಿ ಇಡಬೇಕು?

ಇದು ಎಲ್ಲಿಂದಲೋ ತಂದು ಜೋಡಿಸಿದ ಹೋಲಿಕೆಯಲ್ಲ. ಸಿರಿಯಾಳ ತಮಿಳಿನಲ್ಲಿ ಸಿರುತ್ತೊಂಡರ್, ಶಿವಭಕ್ತರಾದ ನಾಯನ್ಮಾರರಲ್ಲಿ ಒಬ್ಬ. ಹನ್ನೆರಡನೆಯ ಶತಮಾನದಲ್ಲಿ ಸೇಕ್ಕಿಳಾರ್ ಬರೆದ 'ಪೆರಿಯಪುರಾಣಂ' ಪ್ರಕಾರ ಭಕ್ತನಾಗುವ ಮೊದಲು ಆತ ಪರಂಜ್ಯೋತಿ ಎಂಬ ದಂಡನಾಯಕ. ತನ್ನ ರಾಜನಿಗಾಗಿ ವಾತಾಪಿ ನಗರವನ್ನು ನೆಲಸಮ ಮಾಡಿ ಕೊಳ್ಳೆ ಹೊಡೆದು ತಂದವನು. ಆ ವಾತಾಪಿ ನಮ್ಮ ಬಾದಾಮಿಯೇ. ಆ ರಾಜ 642ರಲ್ಲಿ ಬಾದಾಮಿಯನ್ನು ಹಿಡಿದ ಪಲ್ಲವ ನರಸಿಂಹವರ್ಮ ಎನ್ನುತ್ತಾರೆ ಇತಿಹಾಸಕಾರರು. ಆತ 'ವಾತಾಪಿಕೊಂಡ' ಎಂದು ಬಿರುದು ಇಟ್ಟುಕೊಂಡ. ಅಂದು ತಂದ ಕೊಳ್ಳೆಯಲ್ಲಿ ಒಂದು ಗಣಪತಿಯೂ ಇತ್ತು ಎಂಬ ಹೇಳಿಕೆಯಿದೆ. ಮುತ್ತುಸ್ವಾಮಿ ದೀಕ್ಷಿತರ ಹಂಸಧ್ವನಿಯ ಕೃತಿಯಲ್ಲಿ ಬರುವ ವಾತಾಪಿ ಗಣಪತಿ ಅದೇ ಎನ್ನುತ್ತಾರೆ. ಇಂದಿಗೂ ಎಷ್ಟೋ ಕಚೇರಿಗಳು ಆ ಕೃತಿಯಿಂದಲೇ ಶುರುವಾಗುತ್ತವೆ. ಕೇಳುವವರಿಗೆ ಹಾಳಾದ ಊರೊಂದರ ಹೆಸರು ಕಿವಿಗೆ ಬೀಳುತ್ತಿದೆ ಎಂಬ ಎಚ್ಚರ ಇರಬೇಕಾಗಿಲ್ಲ. ಕೀರ್ತಿಯ ಕೆಲಸವೇ ಅದು. ಕೇಳಲು ಇಂಪಾಗಿರಬೇಕು.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಹುನಗುಂದ ಸೀಮೆಯ ಕೂಡಲಸಂಗಮ ನಮಗೆ ದೂರವಲ್ಲ. ವಚನಕಾರರು ಭಕ್ತರ ಹೆಸರು ನೆನೆಯುವಾಗ ಸಿರಿಯಾಳ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಒಂದೇ ಸಾಲಿನಲ್ಲಿ ಬರುತ್ತಾರೆ. ಜಾತಿಯನ್ನು ಕಳಚಿದ ಸಾಲು ಅದು. ಆದ್ದರಿಂದ ಸಿರಿಯಾಳನನ್ನು ಎಳೆದು ರಾಕ್ಷಸರ ಸಾಲಿಗೆ ಕೂಡಿಸುವುದು ನನ್ನ ಉದ್ದೇಶವಲ್ಲ. ಆ ಕಥೆ ನಮ್ಮ ಹೆಂಗಸರ ಕಣ್ಣೀರಿನಲ್ಲಿ ತೊಯ್ದ ಕಥೆ. ಆದರೆ ಅದೇ ಕಣ್ಣುಗಳು ವಾತಾಪಿಗೆ ಯಾಕೆ ಒಂದು ಹನಿಯನ್ನೂ ಇಟ್ಟುಕೊಂಡಿಲ್ಲ ಎಂಬುದೇ ವಿಮರ್ಶೆಯ ಪ್ರಶ್ನೆ.

ಕೀರ್ತಿಯನ್ನು ಕಲ್ಲಿನಲ್ಲಿ ಹೇಗೆ ಕೆತ್ತುತ್ತಾರೆ ಎಂಬುದಕ್ಕೆ ಐಹೊಳೆಯ ಮೇಗುತಿ ಗುಡಿಗೆ ಹೋಗಬೇಕು. 634ರ ಸುಮಾರಿಗೆ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಅಲ್ಲಿಯ ಗೋಡೆಯ ಮೇಲಿದೆ. ಸೋತವರ ಉದ್ದನೆಯ ಪಟ್ಟಿ ಅದರಲ್ಲಿದೆ. ಕುನಾಲ ಸರೋವರದ ನೀರು ಸತ್ತ ಮನುಷ್ಯರ ರಕ್ತದಿಂದ ಕೆಂಪಾಯಿತು ಎಂಬುದನ್ನು ಕವಿ ಹೊಗಳಿಕೆಯಾಗಿ ಹೇಳುತ್ತಾನೆ. ಕೊನೆಗೆ ತನಗೆ ಕಾಳಿದಾಸ ಭಾರವಿಯರ ಕೀರ್ತಿ ಬಂದಿದೆ ಎಂದೂ ಬರೆದುಕೊಳ್ಳುತ್ತಾನೆ. ರಾಜನ ಕೀರ್ತಿ, ಅದನ್ನು ಬರೆದವನ ಕೀರ್ತಿ, ಎರಡೂ ಒಂದೇ ಕಲ್ಲಿನಲ್ಲಿ. ಒಬ್ಬ ಅತಿಥಿಯ ಹೊಟ್ಟೆ ಬಗಿದರೆ ರಾಕ್ಷಸತನ, ಒಂದು ಸರೋವರ ಕೆಂಪಾದರೆ ಮಹಾಕಾವ್ಯ!

ಅದೇ ಶಾಸನದಲ್ಲಿ ಮಂಗಲೇಶನ ಕಥೆಯೂ ಇದೆ. ತನ್ನ ಮಗನಿಗೆ ಪಟ್ಟ ಕಟ್ಟಲು ಹೊಂಚಿದ ಚಿಕ್ಕಪ್ಪ, ಅದಕ್ಕಾಗಿ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡವನು ಎಂದು ಅವನ ಚಿತ್ರ. ಆದರೆ ಬಾದಾಮಿಯ ಮೂರನೆಯ ಗವಿಯಲ್ಲಿ 578ರ ಶಾಸನವಿದೆ. ಅದು ಇದೇ ಮಂಗಲೇಶನದು. ಆ ವಿಷ್ಣುಗೃಹವನ್ನು ಮಾಡಿಸಿ, ಬಂದ ಪುಣ್ಯವನ್ನು ತನ್ನ ಅಣ್ಣ ಕೀರ್ತಿವರ್ಮನಿಗೆ ಧಾರೆ ಎರೆದ ತಮ್ಮ ಇವನು. ಐವತ್ತಾರು ವರ್ಷಗಳಲ್ಲಿ ಪುಣ್ಯ ಕೊಟ್ಟ ತಮ್ಮ ಖಳನಾದ. ಮನುಷ್ಯ ಎರಡೂ ಆಗಿದ್ದಿರಬಹುದು. ಮನುಷ್ಯರು ಹಾಗೇ ಇರುತ್ತಾರೆ. ಆದರೆ ಗೆದ್ದವನ ಪ್ರಶಸ್ತಿಯಲ್ಲಿ ಎರಡಕ್ಕೆ ಜಾಗವಿಲ್ಲ. ರಾಜಮನೆತನದವನಿಗೇ ಹೀಗಾದರೆ ಕಲ್ಲು ಕೆತ್ತಿಸುವ ಶಕ್ತಿ ಇಲ್ಲದವರ ಪಾಡು ಏನು?

ಅದನ್ನು ತಿಳಿಯಲು ಮುಧೋಳದ ಕಡೆ ಹೋಗಬೇಕು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದು ಹತ್ಯಾರ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವನ ಕೈಯಿಂದ ಹತ್ಯಾರ ಕಸಿದರೆ ಉಳಿಯುವುದೇನು? ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಸರ್ಕಾರದ ಕಾಗದದಲ್ಲಿ ಅವರು ದಂಗೆಕೋರರು. ಅವರಿಗೆ ಕಲ್ಲಿನ ಶಾಸನ ಇರಲಿಲ್ಲ, ಲಾವಣಿ ಇತ್ತು. ಲಾವಣಿ ಇದ್ದದ್ದರಿಂದ ಅವರು ಬದುಕಿದರು. ಲಾವಣಿಯೂ ಸಿಗದವರ ಕಥೆ ಇನ್ನೂ ಕಷ್ಟದ್ದು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಕೊಂಡಿತು. ಮುಂದೆ ಮುಂಬೈ ಪ್ರಾಂತದಲ್ಲಿ ಅವರನ್ನು ತಂತಿಬೇಲಿಯ ಸೆಟ್ಲಮೆಂಟುಗಳಲ್ಲಿ ಇಟ್ಟರು. ಹುಬ್ಬಳ್ಳಿಯಲ್ಲಿ ಇಂದಿಗೂ ಆ ಬಡಾವಣೆಗೆ ಸೆಟ್ಲಮೆಂಟ್ ಎಂದೇ ಹೆಸರು. ಕಾಯ್ದೆ 1952ರಲ್ಲಿ ಹೋಯಿತು, ಹೆಸರು ಹೋಗಲಿಲ್ಲ. ನಮ್ಮ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಒಂದು ಸಮುದಾಯದ ಅಧಿಕೃತ ಹೆಸರಿನೊಳಗೇ 'ಚೋರ' ಎಂಬ ಶಬ್ದವಿದೆ. ಆ ಸಮುದಾಯದ ಮಗು ತಹಶೀಲ್ದಾರರ ಕಚೇರಿಗೆ ಹೋಗಿ ಜಾತಿ ಪ್ರಮಾಣಪತ್ರ ತರುವಾಗ ತನ್ನನ್ನು ಕಳ್ಳನೆಂದು ಬರೆದ ಕಾಗದಕ್ಕೆ ಅರ್ಜಿ ಹಾಕಬೇಕು. ಇಲ್ಲಿ ಯಾವ ಕೃತ್ಯವೂ ಇಲ್ಲ, ಬರೀ ಹುಟ್ಟು ಇದೆ.

ಇಲ್ಲಿಯವರೆಗೆ ನೋಡಿದ್ದನ್ನು ಒಟ್ಟುಗೂಡಿಸಿದರೆ ಒಂದು ಮಾತು ಹೇಳಬಹುದು. ಕೃತ್ಯದಿಂದ ಮನುಷ್ಯ ಅಪರಾಧಿಯಾಗುತ್ತಾನೆ. ರಾಕ್ಷಸನಾಗುವುದು ಅವನ ಬಗ್ಗೆ 'ಯಾಕೆ?' ಎಂದು ಕೇಳುವುದನ್ನು ನಿಲ್ಲಿಸಿದಾಗ. ಕೀರ್ತಿವಂತನಿಗೆ ಆಗುವುದೂ ಇದೇ. ಅವನ ಬಗ್ಗೆಯೂ 'ಯಾಕೆ?' ಎಂದು ಕೇಳುವಂತಿಲ್ಲ. ರಾಕ್ಷಸನನ್ನು ಕರುಣೆಯಿಂದ ಆಚೆ ಇಡುತ್ತಾರೆ, ಕೀರ್ತಿವಂತನನ್ನು ಪ್ರಶ್ನೆಯಿಂದ ಆಚೆ ಇಡುತ್ತಾರೆ. ಇಬ್ಬರೂ ಮನುಷ್ಯರ ಪಂಕ್ತಿಯಿಂದ ಎದ್ದುಹೋದವರೇ. ಒಬ್ಬನಿಗೆ ಕೀರ್ತಿ ಬರಬೇಕಾದರೆ ಇನ್ನೊಬ್ಬ ರಾಕ್ಷಸನಾಗಿ ಜೀರ್ಣವಾಗಬೇಕು. ಈ ಲೆಕ್ಕವನ್ನು ಬಿಡಿಸಿ ತೋರಿಸುವುದು ದಲಿತ ವಿಮರ್ಶೆಯ ಕೆಲಸ ಎಂದು ನಾನು ತಿಳಿದಿದ್ದೇನೆ.

ಆ ಕೆಲಸವನ್ನು ಮೊದಲು ಧೈರ್ಯದಿಂದ ಮಾಡಿದವರು ಜೋತಿಬಾ ಫುಲೆ. 1873ರ 'ಗುಲಾಮಗಿರಿ'ಯಲ್ಲಿ ಅವರು ದಶಾವತಾರದ ಕಥೆಗಳನ್ನು ತಿರುಗಿಸಿ ಓದಿದರು. ಬಲಿ ಅವರಿಗೆ ದುಡಿಯುವ ಜನರ ರಾಜ, ವಾಮನ ಮೋಸಗಾರ. ಆ ತಿರುಗಿಸುವಿಕೆ ಇರದಿದ್ದರೆ ನಾವಿಂದು ಹೀಗೆ ಬರೆಯುತ್ತಿರಲಿಲ್ಲ. ಆದರೆ ನೂರೈವತ್ತು ವರ್ಷಗಳ ನಂತರವೂ ನಾವು ಬರೀ ತಿರುಗಿಸುತ್ತಲೇ ಕೂತರೆ ಸಾಲದು. ವಾತಾಪಿಯನ್ನು ನಾಯಕ ಮಾಡಿ, ಅವನಿಗೊಂದು ಮೂರ್ತಿ ಮಾಡಿ, ಮೆರವಣಿಗೆ ತೆಗೆದರೆ ರಾಕ್ಷಸ ಬದಲಾದನೇ ಹೊರತು ರಾಕ್ಷಸನನ್ನು ಮಾಡುವ ಕಾರ್ಖಾನೆ ಬದಲಾಗಲಿಲ್ಲ. ಹಳೆಯ ಪ್ರಶಸ್ತಿಯನ್ನು ಅಳಿಸಿ ಅದೇ ಕಲ್ಲಿನ ಮೇಲೆ ಹೊಸ ಪ್ರಶಸ್ತಿ ಬರೆದಂತೆ.

ಈ ಮಾತನ್ನು ನಮ್ಮೊಳಗಿನ ಕೀರ್ತಿಗೂ ಅನ್ವಯಿಸಬೇಕಾಗಿದೆ. ನಮ್ಮ ಸಭೆಗಳನ್ನು ನೋಡಿ. ವೇದಿಕೆಯ ಮೇಲೆ ಇಪ್ಪತ್ತು ಕುರ್ಚಿ, ಶಾಲು, ಹಾರ, ಬ್ಯಾನರಿನಲ್ಲಿ ಫೋಟೋ ಸಣ್ಣದಾಯಿತು ಎಂದು ಜಗಳ. ಒಂದು ಕಾಲದಲ್ಲಿ ಸೈಕಲ್ ಮೇಲೆ ಹಳ್ಳಿಹಳ್ಳಿ ಸುತ್ತಿದವರನ್ನು ಇಂದು ಯಾರಾದರೂ ಪ್ರಶ್ನೆ ಕೇಳಿದರೆ ಕೇಳಿದವನೇ ದ್ರೋಹಿ. ನಿನ್ನೆಯ ಸಂಗಾತಿ ಬೇರೆ ಬಣಕ್ಕೆ ಹೋದರೆ ಇಂದು ರಾಕ್ಷಸ. ನಾನೂ ಇದರಲ್ಲಿ ಪಾಲುಗಾರ. ಒಮ್ಮೆ ಒಬ್ಬ ಹಿರಿಯರ ತಪ್ಪನ್ನು ಎತ್ತಿ ತೋರಿಸಿದ ಕಿರಿಯ ಗೆಳತಿಯನ್ನು ನಾವೆಲ್ಲ ಸೇರಿ ಸುಮ್ಮನಾಗಿಸಿದೆವು. ಚಳವಳಿಯ ಹೆಸರು ಕೆಡುತ್ತದೆ ಎಂದು ನಾನೇ ಆಕೆಗೆ ಹೇಳಿದೆ. ಆಕೆ ಮತ್ತೆ ನಮ್ಮ ಸಭೆಗೆ ಬರಲಿಲ್ಲ. ಹೆಸರು ಉಳಿಯಿತು, ಆಕೆ ಜೀರ್ಣವಾದಳು. ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಆಡಿದ ಮಾತಿನ ತಾತ್ಪರ್ಯ ಇದೇ ಅಲ್ಲವೇ? ಧರ್ಮದಲ್ಲಿ ಭಕ್ತಿ ಆತ್ಮದ ಬಿಡುಗಡೆಗೆ ದಾರಿಯಾದೀತು, ರಾಜಕೀಯದಲ್ಲಿ ಭಕ್ತಿ ಮತ್ತು ವ್ಯಕ್ತಿಪೂಜೆ ಅವನತಿಗೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂದು ಅವರು ಎಚ್ಚರಿಸಿದ್ದರು. ಹೀಗೆ ಹೇಳಿದವರ ಫೋಟೋಕ್ಕೆ ಹಾರ ಹಾಕಿ ಆ ಮಾತನ್ನು ಮರೆಯುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.

ಕೊನೆಗೆ, ನಿಜವಾಗಿ ಬೆಂಕಿ ಹಚ್ಚುವವರ ವಿಷಯ. ಇಳಕಲ್ ದಾಟಿದರೆ ಕುಷ್ಟಗಿ, ಅಲ್ಲಿಂದ ಕೊಪ್ಪಳ ಜಿಲ್ಲೆ. ಅದೇ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅದರ ಹಿಂದೆ ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಟ್ಟುಕೊಳ್ಳದ ತಕರಾರು ಇತ್ತು. ನೆಪ ಸಿಕ್ಕಿದ್ದು ಗಂಗಾವತಿಯಲ್ಲಿ ಸಿನಿಮಾ ನೋಡಲು ಹೋದಾಗ ಆದ ಜಗಳ. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 101 ಜನರನ್ನು ತಪ್ಪಿತಸ್ಥರೆಂದು ಹೇಳಿತು. 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಮುಂದೆ ಹೈಕೋರ್ಟಿಗೆ ಹೋಯಿತು.

ತೀರ್ಪು ಬಂದ ದಿನ ನಮ್ಮ ಗೆಳೆಯರೊಬ್ಬರು "ಆ ರಾಕ್ಷಸರಿಗೆ ತಕ್ಕ ಶಾಸ್ತಿ" ಎಂದರು. ಅವರ ಸಿಟ್ಟು ನನ್ನ ಸಿಟ್ಟೂ ಹೌದು. ಆದರೆ ಆ ಶಬ್ದ ನನಗೆ ಒಪ್ಪಿಗೆಯಾಗಲಿಲ್ಲ. ನೂರೊಂದು ಜನ ರಾಕ್ಷಸರು ಒಂದೇ ಊರಿನಲ್ಲಿ ಹೇಗೆ ಹುಟ್ಟುತ್ತಾರೆ? ಅವರು ಅದೇ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರು, ಮಕ್ಕಳಿಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂಡುವವರು. ಅವರನ್ನು ರಾಕ್ಷಸರು ಎಂದ ತಕ್ಷಣ ಉಳಿದ ಊರು ಬಿಡುಗಡೆಯಾಗುತ್ತದೆ. ಕ್ಷೌರದಂಗಡಿಯ ಕುರ್ಚಿ ಬಿಡುಗಡೆಯಾಗುತ್ತದೆ, ಹೋಟೆಲಿನ ಬೇರೆ ಲೋಟ ಬಿಡುಗಡೆಯಾಗುತ್ತದೆ, ಕಡೆಗೆ ಜಾತಿಯೇ ಬಿಡುಗಡೆಯಾಗುತ್ತದೆ. ಅವರು ಮನುಷ್ಯರು ಎಂದು ಹೇಳುವುದರಿಂದ ಅವರ ಅಪರಾಧ ಕಡಿಮೆಯಾಗುವುದಿಲ್ಲ. ಮನುಷ್ಯನನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿ ಲೆಕ್ಕ ಕೇಳಲು ಸಾಧ್ಯ. ರಾಕ್ಷಸನನ್ನು ಕೊಲ್ಲಬಹುದು, ಲೆಕ್ಕ ಕೇಳಲಾಗದು.

ಬಾದಾಮಿಯಿಂದ ಬಂದ ಮರುವಾರ ತರಗತಿಯಲ್ಲಿ ಇದನ್ನೆಲ್ಲ ನನಗೆ ತಿಳಿದಂತೆ ಹೇಳಿದೆ. ಯಾರ ಕಡೆಯವರು ಎಂದು ಕೇಳುವ ಮೊದಲು ಯಾರು ಉಂಡರು, ಯಾರು ಅಡಿಗೆಯಾದರು, ಕಥೆ ಬರೆದವರು ಯಾವ ಪಂಕ್ತಿಯಲ್ಲಿ ಕೂತಿದ್ದರು ಎಂದು ಕೇಳಿರಿ ಎಂದೆ. ಇಳಕಲ್ಲಿನ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ನಿಂತಳು.

"ಸರ್, ಅಗಸ್ತ್ಯ ಒಂದ ಸಲ ಉಂಡ. ಆದ್ರ ಅವರಣ್ಣ ವಾತಾಪೀನ ಎಷ್ಟ ಸಲ ಕೊಯ್ದಿದ್ದ? ಪ್ರತಿ ಸಲ ಅವಗ ನೋವಾಗಿರಬೇಕಲ್ರಿ. ಅದನ್ನ ಯಾರರ ಬರದಾರೇನ್ರಿ?"

ನನಗೆ ತಿಳಿದಮಟ್ಟಿಗೆ ಯಾರೂ ಬರೆದಿಲ್ಲ. ಅಣ್ಣನ ಸಿಟ್ಟಿಗೆ, ಋಷಿಯ ಕೀರ್ತಿಗೆ, ಎರಡಕ್ಕೂ ಅಡಿಗೆಯಾದವನು ತಮ್ಮ. ನಾನು ಇಷ್ಟೆಲ್ಲ ಓದಿ ಇಲ್ವಲ ಮತ್ತು ಅಗಸ್ತ್ಯರ ನಡುವೆಯೇ ಓಡಾಡಿದ್ದೆ. ಬರೆಯುವ ಕೆಲಸ ಅವಳಿಗೇ ಒಪ್ಪಿಸಿದ್ದೇನೆ.